ಐದು ಪದಗಳ ಮೇಲೆ ನಿಂತ ಪೌರತ್ವ

ಪುಣೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವರ್ಷದಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಸುತ್ತುತ್ತಿದೆ. ‘ಎಚ್‌–1ಬಿ ವೀಸಾದಲ್ಲಿ ಇರುವವರ ಮಗುವಿಗೆ ಇನ್ನು ಅಮೆರಿಕದ ಪಾಸ್‌ಪೋರ್ಟ್ ಸಿಗೋದಿಲ್ಲವಂತೆ, ಹೌದಾ?’ ಕೇಳುವವರು ಹೆಚ್ಚಾಗಿ ಅಜ್ಜ–ಅಜ್ಜಿಯಾಗಲಿರುವವರು. ಇಲ್ಲವೇ ಅಣ್ಣನೋ ತಂಗಿಯೋ ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನನ್ನಂಥವರು. ಉತ್ತರ ಚಿಕ್ಕದು: ಸದ್ಯಕ್ಕೆ ಸಿಗುತ್ತದೆ. ಅಧ್ಯಕ್ಷ ಡೊನಾಲ್ಡ್ ಟ್ರಂಪ್ 2025ರ ಜನವರಿ 20ರಂದು ಸಹಿ ಹಾಕಿದ ಆದೇಶ ಒಂದು ದಿನದ ಮಟ್ಟಿಗೂ ಜಾರಿಗೆ ಬಂದಿಲ್ಲ. ಮೂರೇ ದಿನದಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕಫ್ನರ್ ಅದಕ್ಕೆ ತಡೆ ಕೊಟ್ಟರು. ಈ ನ್ಯಾಯಾಧೀಶರನ್ನು ನೇಮಿಸಿದ್ದು ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್. ಆಮೇಲೆ ಬೇರೆ ಕೋರ್ಟುಗಳೂ ಅದೇ ಹಾದಿ ಹಿಡಿದವು. ಈಗ ವಿಷಯ ಸುಪ್ರೀಂ ಕೋರ್ಟಿನ ಮುಂದಿದೆ. ಕಳೆದ ಡಿಸೆಂಬರ್ 5ರಂದು ಅದು ಪ್ರಕರಣವನ್ನು ಕೈಗೆತ್ತಿಕೊಂಡಿದೆ. ಅಲ್ಲಿನ ವಾಡಿಕೆ ನೋಡಿದರೆ ಜೂನ್ ಕೊನೆ ಅಥವಾ ಅದರ ಆಸುಪಾಸಿನಲ್ಲಿ ತೀರ್ಪು ಬರಬೇಕು.

ಸುದ್ದಿ ಇಷ್ಟೇ ಆಗಿದ್ದರೆ ಈ ಅಂಕಣಕ್ಕೆ ಬರೆಯುವ ಅಗತ್ಯ ಇರಲಿಲ್ಲ. 1898ರಲ್ಲೇ ತೀರ್ಮಾನವಾಗಿದ್ದ ಪ್ರಶ್ನೆಯೊಂದು 2025ರಲ್ಲಿ ಮತ್ತೆ ಬಾಗಿಲು ತಟ್ಟಿದ್ದು ಹೇಗೆ ಎಂಬುದು ನನ್ನನ್ನು ಕಾಡಿದ ಪ್ರಶ್ನೆ. ಹೊಸ ದಾಖಲೆ ಯಾವುದೂ ಸಿಕ್ಕಿಲ್ಲ, ಸಂವಿಧಾನದ ಒಂದಕ್ಷರವೂ ಬದಲಾಗಿಲ್ಲ. ಬದಲಾಗಿದ್ದು ಅದನ್ನು ಓದುವವರು. ಅಮೆರಿಕದಲ್ಲಿ ಕಾನೂನಿನ ಪಾಂಡಿತ್ಯ ಎಂಬುದು ಗ್ರಂಥಾಲಯದಲ್ಲಿ ಕೂರುವ ವಸ್ತುವಲ್ಲ. ಒಂದು ಪುಸ್ತಕ, ಒಂದು ಲೇಖನ ಹಲವು ವರ್ಷ ಸುಮ್ಮನಿದ್ದು ಆಮೇಲೆ ಸರ್ಕಾರಿ ಆದೇಶದ ಬೆನ್ನೆಲುಬಾಗಿ ಎದ್ದು ನಿಲ್ಲುತ್ತದೆ.

ಆದೇಶ ಏನು ಹೇಳುತ್ತದೆ ಎಂಬುದನ್ನು ಮೊದಲು ಸರಿಯಾಗಿ ನೋಡೋಣ. ಇದು ಅಕ್ರಮವಾಗಿ ಗಡಿ ದಾಟಿ ಬಂದವರ ಮಕ್ಕಳಿಗೆ ಮಾತ್ರ ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಆದೇಶದಲ್ಲಿ ಎರಡು ವರ್ಗಗಳಿವೆ. ತಾಯಿ ಅಕ್ರಮವಾಗಿ ನೆಲೆಸಿದ್ದು, ತಂದೆ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ ಉಳ್ಳವನೂ ಅಲ್ಲ ಎಂಬುದು ಮೊದಲನೆಯದು. ತಾಯಿ ಕಾನೂನುಬದ್ಧವಾಗಿಯೇ ಇದ್ದರೂ ‘ತಾತ್ಕಾಲಿಕವಾಗಿ’ ಇದ್ದು, ತಂದೆ ಮೊದಲಿನಂತೆಯೇ ಎಂಬುದು ಎರಡನೆಯದು. ತಾತ್ಕಾಲಿಕ ಎಂದರೆ ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ, ಕೆಲಸದ ವೀಸಾ. ಅಂದರೆ ನಮ್ಮವರು. ಆದೇಶ ಹೊರಬಿದ್ದು 30 ದಿನಗಳ ನಂತರ ಹುಟ್ಟುವ ಮಕ್ಕಳಿಗೆ ಇದು ಅನ್ವಯ. ಹಿಂದೆ ಹುಟ್ಟಿದವರಿಗೆ ತೊಂದರೆ ಇಲ್ಲ.

ನನ್ನ ತಂಗಿ ಮತ್ತು ಭಾವನವರು ಒಂಬತ್ತು ವರ್ಷದಿಂದ ಟೆಕ್ಸಸ್‌ನಲ್ಲಿದ್ದಾರೆ. ಮೊದಲ ಮಗಳು ಅಲ್ಲೇ ಹುಟ್ಟಿದವಳು, ಅಮೆರಿಕದ ಪ್ರಜೆ. ಎರಡನೆಯ ಮಗು ಮೇ ತಿಂಗಳಲ್ಲಿ. ಆದೇಶ ಗೆದ್ದರೆ ಅದೇ ಊರಿನ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಎರಡು ಮಕ್ಕಳಲ್ಲಿ ಅಕ್ಕ ಆ ದೇಶದವಳು, ತಮ್ಮನೋ ತಂಗಿಯೋ ಅಪ್ಪ–ಅಮ್ಮನ ವೀಸಾದ ಬಾಲ ಹಿಡಿದುಕೊಂಡು ಇರಬೇಕಾದವರು. ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ತೀರ್ಮಾನಿಸಬೇಕಾಗಿರುವುದು ಇಂಥ ಸಾವಿರಾರು ಮನೆಗಳ ಈ ಪ್ರಶ್ನೆಯನ್ನೇ.

ಇನ್ನು ಆ ಐದು ಪದ. ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯ ಮೊದಲ ವಾಕ್ಯದ ಸಾರಾಂಶ ಇದು: ಅಮೆರಿಕದಲ್ಲಿ ಹುಟ್ಟಿದ ಅಥವಾ ಅಲ್ಲಿ ಪೌರತ್ವ ಪಡೆದ, ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲ ವ್ಯಕ್ತಿಗಳೂ ಅಮೆರಿಕದ ಪ್ರಜೆಗಳು. ‘ಸಬ್ಜೆಕ್ಟ್ ಟು ದ ಜುರಿಸ್ಡಿಕ್ಷನ್ ದೇರ್‌ಆಫ್’, ಅಂದರೆ ‘ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ’. ಇಡೀ ಜಗಳ ಇದರ ಮೇಲೆ. ಸಾಮಾನ್ಯ ಅರ್ಥದಲ್ಲಿ ಓದಿದರೆ ಆ ನೆಲದ ಕಾನೂನು ಯಾರ ಮೇಲೆ ನಡೆಯುತ್ತದೋ ಅವರೆಲ್ಲ ಒಳಪಟ್ಟವರೇ. ಎಚ್‌–1ಬಿಯವನು ಸಿಗ್ನಲ್ ಹಾರಿಸಿದರೆ ದಂಡ ಕಟ್ಟುತ್ತಾನೆ, ತೆರಿಗೆ ಕಟ್ಟುತ್ತಾನೆ, ಅಪರಾಧ ಮಾಡಿದರೆ ಜೈಲಿಗೂ ಹೋಗುತ್ತಾನೆ. ರಾಯಭಾರಿ ಹೋಗುವುದಿಲ್ಲ. ಹಾಗಾಗಿ ರಾಯಭಾರಿಯ ಮಗು ಹೊರಗೆ, ಉಳಿದವರ ಮಕ್ಕಳು ಒಳಗೆ. ಸರ್ಕಾರದ ಓದು ಬೇರೆ. ‘ಅಧಿಕಾರವ್ಯಾಪ್ತಿ’ ಎಂದರೆ ಬರೀ ಕಾನೂನು ಪಾಲನೆಯಲ್ಲ, ಪೂರ್ಣ ನಿಷ್ಠೆ. ಬೇರೆ ದೇಶದ ಪ್ರಜೆಯಾಗಿರುವವನ ನಿಷ್ಠೆ ಮೂಲತಃ ಆ ದೇಶಕ್ಕೆ. ಅವನು ಇಲ್ಲಿ ಶಾಶ್ವತವಾಗಿ ನೆಲೆಸದೇ ಇದ್ದರೆ ಅವನ ಮಗು ಪ್ರಜೆಯಲ್ಲ ಎಂಬ ವಾದ.

ಈ ವಾಕ್ಯ ಹುಟ್ಟಿದ್ದೇ ಒಂದು ಕೆಟ್ಟ ಇತಿಹಾಸ ಪಾಠಕ್ಕೆ ಉತ್ತರವಾಗಿ. 1857ರ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ, ಆಫ್ರಿಕಾ ಮೂಲದ ಕರಿಯರು ಗುಲಾಮರಾಗಿರಲಿ ಸ್ವತಂತ್ರರಾಗಿರಲಿ, ಅಮೆರಿಕದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದು ಬರೆದರು. ಅವರ ಆಧಾರ ಇತಿಹಾಸ: ಸಂವಿಧಾನ ಬರೆದ ಕಾಲದಲ್ಲಿ ಇವರನ್ನು ಯಾರೂ ಪ್ರಜೆಗಳೆಂದು ಎಣಿಸಿರಲಿಲ್ಲ ಎಂಬುದು. ಆ ಇತಿಹಾಸವೇ ತಪ್ಪು ಎಂದು ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಬೆಂಜಮಿನ್ ಕರ್ಟಿಸ್ ದಾಖಲೆ ಸಮೇತ ತೋರಿಸಿದರು. ಆ ಕಾಲದಲ್ಲೇ ಐದು ರಾಜ್ಯಗಳಲ್ಲಿ ಸ್ವತಂತ್ರ ಕರಿಯರು ಮತ ಹಾಕುತ್ತಿದ್ದರು. ಸರಿಯಾದ ಇತಿಹಾಸ ಹೇಳಿದವರು 7–2ರಲ್ಲಿ ಸೋತರು. ನಾಲ್ಕೇ ವರ್ಷದಲ್ಲಿ ಅಂತರ್ಯುದ್ಧ ಶುರುವಾಯಿತು. ಅದು ಮುಗಿದ ಮೇಲೆ, ಯಾವ ಕೋರ್ಟೂ ಮತ್ತೆ ಮುಟ್ಟದಂತೆ ಪೌರತ್ವವನ್ನು ಸಂವಿಧಾನದಲ್ಲೇ ಬರೆದಿಟ್ಟರು. 1868ರ ಜುಲೈನಲ್ಲಿ ತಿದ್ದುಪಡಿ ಅಂಗೀಕಾರವಾಯಿತು.

ಅದರ ಹಿಂದಿನ ಸೆನೆಟ್ ಚರ್ಚೆ ಓದಿದರೆ 1866ರಲ್ಲೋ 2026ರಲ್ಲೋ ಎಂದು ಗೊಂದಲವಾಗುತ್ತದೆ. ಪೆನ್ಸಿಲ್ವೇನಿಯಾದ ಎಡ್ಗರ್ ಕವನ್ ಎದ್ದು ನಿಂತು, ಹಾಗಾದರೆ ಚೀನೀಯರ ಮಕ್ಕಳೂ ಜಿಪ್ಸಿಗಳ ಮಕ್ಕಳೂ ಪ್ರಜೆಗಳಾಗಿಬಿಡುತ್ತಾರೆಯೇ ಎಂದು ಆತಂಕ ತೋಡಿಕೊಂಡರು. ಕ್ಯಾಲಿಫೋರ್ನಿಯಾದ ಜಾನ್ ಕಾನೆಸ್ ಉತ್ತರ ಕೊಟ್ಟರು: ಹೌದು, ಆಗಬೇಕು, ಅದಕ್ಕೇ ನಾನು ಬೆಂಬಲಿಸುತ್ತೇನೆ. ಚೀನೀಯರ ವಿರುದ್ಧ ದ್ವೇಷ ಅತಿ ಹೆಚ್ಚಿದ್ದ ರಾಜ್ಯದಿಂದ ಬಂದು ಈ ಮಾತು ಹೇಳಿದ ಕಾನೆಸ್ ಸ್ವತಃ ಐರ್ಲೆಂಡಿನಲ್ಲಿ ಹುಟ್ಟಿದ ವಲಸಿಗ. ಇದೇ ಚರ್ಚೆಯಲ್ಲಿ ಸೆನೆಟರ್ ಲೈಮನ್ ಟ್ರಂಬುಲ್, ಬೇರೆ ಯಾರಿಗೂ ನಿಷ್ಠೆ ಸಲ್ಲಿಸಬೇಕಾಗಿಲ್ಲದವರು ಎಂಬ ಅರ್ಥದ ಮಾತನ್ನೂ ಆಡಿದ್ದಾರೆ. ಆ ಮಾತಿನ ಸಂದರ್ಭ ಮೂಲನಿವಾಸಿ ಬುಡಕಟ್ಟುಗಳದ್ದು. ಆದರೆ ಇಂದಿನ ಸರ್ಕಾರಿ ವಕೀಲರಿಗೆ ಅದೇ ದೊಡ್ಡ ಆಸ್ತಿ.

ಇಲ್ಲಿ ನನ್ನ ವೃತ್ತಿಯ ಒಂದು ಮಾತು. ಹಳೆಯ ಕೋಡ್ ಕೈಗೆ ಬಂದಾಗ ಅದರ ಪಕ್ಕದಲ್ಲಿ ಯಾರೋ ಬರೆದಿಟ್ಟ ಕಾಮೆಂಟ್ ಒಂದು ಹೇಳುತ್ತದೆ, ಕೋಡ್ ಇನ್ನೊಂದು ಮಾಡುತ್ತದೆ. ಓಡುವುದು ಕೋಡ್, ಕಾಮೆಂಟ್ ಅಲ್ಲ. ರಾಜ್ಯಗಳು ಅಂಗೀಕರಿಸಿದ್ದು ತಿದ್ದುಪಡಿಯ ಪಠ್ಯವನ್ನು, ಟ್ರಂಬುಲ್ ಅವರ ಭಾಷಣವನ್ನಲ್ಲ. ಹಾಗೆಂದು ಕಾಮೆಂಟ್ ಓದಲೇಬಾರದು ಎಂದಲ್ಲ. ಒಬ್ಬರದ್ದನ್ನು ಮಾತ್ರ ಹೆಕ್ಕಿ ಓದಬಾರದು, ಅಷ್ಟೆ.

ಮುಂದಿನ ಅಧ್ಯಾಯದ ನಾಯಕ ಒಬ್ಬ ಅಡುಗೆಯವನು. ವಾಂಗ್ ಕಿಮ್ ಆರ್ಕ್ 1873ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ. ತಂದೆ–ತಾಯಿ ಚೀನಾದವರು, ವ್ಯಾಪಾರಿಗಳು. 1882ರ ಕಾಯ್ದೆ ಚೀನೀ ಕೂಲಿಗಳ ಪ್ರವೇಶ ನಿಲ್ಲಿಸಿತ್ತು, ಚೀನೀಯರಿಗೆ ಪೌರತ್ವ ಕೊಡುವುದನ್ನೂ ನಿಷೇಧಿಸಿತ್ತು. ವಾಂಗ್ ಚೀನಾಕ್ಕೆ ಹೋಗಿ 1895ರ ಆಗಸ್ಟ್‌ನಲ್ಲಿ ವಾಪಸ್ ಬಂದಾಗ ಬಂದರಿನ ಅಧಿಕಾರಿ ಇಳಿಯಲು ಬಿಡಲಿಲ್ಲ. ನೀನು ಇಲ್ಲಿ ಹುಟ್ಟಿರಬಹುದು, ಪ್ರಜೆಯಲ್ಲ ಎಂಬ ಕಾರಣ. ತಾನು ಹುಟ್ಟಿದ ಊರಿನ ದೀಪಗಳು ಕಾಣುವ ದೂರದಲ್ಲಿ, ಹಡಗಿನಿಂದ ಹಡಗಿಗೆ ಸ್ಥಳಾಂತರಗೊಳ್ಳುತ್ತಾ ಅವನು ತಿಂಗಳುಗಟ್ಟಲೆ ಕಳೆದ.

ಇದು ಒಬ್ಬ ಅಧಿಕಾರಿಯ ಕಿರುಕುಳ ಎಂದುಕೊಂಡರೆ ಅರ್ಧ ಸತ್ಯ. ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಕಾಲಿನ್ಸ್ ಎಂಬ ವಕೀಲ ಇದಕ್ಕೂ ಹಿಂದಿನಿಂದಲೇ ಕಾನೂನು ನಿಯತಕಾಲಿಕೆಯಲ್ಲಿ ಲೇಖನ ಬರೆಯುತ್ತಿದ್ದ. ಅಮೆರಿಕದಲ್ಲಿ ಹುಟ್ಟಿದ ಮಾತ್ರಕ್ಕೆ ಚೀನೀಯರ ಮಕ್ಕಳು ಪ್ರಜೆಗಳಲ್ಲ, ಪೌರತ್ವ ರಕ್ತದಿಂದ ಬರುವುದು, ನೆಲದಿಂದಲ್ಲ ಎಂಬುದು ಅವನ ಪ್ರತಿಪಾದನೆ. ಬರೆದು ಸುಮ್ಮನಾಗಲಿಲ್ಲ. ಪರೀಕ್ಷೆಗೆ ಒಂದು ಪ್ರಕರಣ ಹೂಡಿ ಎಂದು ಸರ್ಕಾರದ ಬೆನ್ನು ಹತ್ತಿದ. ವಾಂಗ್ ಆ ಪರೀಕ್ಷೆಗೆ ಸಿಕ್ಕ ವ್ಯಕ್ತಿ. ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಪರ ನಿಂತವರು ಸಾಲಿಸಿಟರ್ ಜನರಲ್ ಹೋಮ್ಸ್ ಕಾನ್ರಾಡ್. ಗುಲಾಮಗಿರಿ ಉಳಿಸಲು ಹೊರಟ ದಕ್ಷಿಣದ ಸೈನ್ಯದಲ್ಲಿ ಹೋರಾಡಿದ್ದವರು, ಅದೇ ಯುದ್ಧದ ಫಲವಾದ ತಿದ್ದುಪಡಿಯ ಅರ್ಥ ಹೇಳಲು ಬಂದಿದ್ದರು.

1898ರ ಮಾರ್ಚ್ 28ರಂದು 6–2ರಲ್ಲಿ ವಾಂಗ್ ಗೆದ್ದ. ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದ ತೀರ್ಪು ಇಂಗ್ಲೆಂಡಿನ 1608ರ ಕ್ಯಾಲ್ವಿನ್ ಪ್ರಕರಣದಿಂದ ಹಿಡಿದು ಹಳೆಯ ನಿಯಮವನ್ನೆಲ್ಲ ಜಾಲಾಡುತ್ತದೆ. ನೆಲದಲ್ಲಿ ಹುಟ್ಟಿದವರು ಆ ನೆಲದವರು. ಅಪವಾದಗಳು ಬೆರಳೆಣಿಕೆಯವು: ವಿದೇಶಿ ರಾಯಭಾರಿಗಳ ಮಕ್ಕಳು, ವಿದೇಶಿ ಸರ್ಕಾರಿ ಹಡಗಿನಲ್ಲಿ ಹುಟ್ಟಿದವರು, ಆಕ್ರಮಣ ಮಾಡಿ ಕುಳಿತ ಶತ್ರುಸೈನ್ಯದವರ ಮಕ್ಕಳು, ಬುಡಕಟ್ಟುಗಳ ಮೂಲನಿವಾಸಿಗಳು. ಕೊನೆಯವರನ್ನು ಹೊರಗಿಟ್ಟ 1884ರ ತೀರ್ಪನ್ನು ಬರೆದವರೂ ಇದೇ ಗ್ರೇ. ಅವರಿಗೆಲ್ಲ ಪೌರತ್ವ ಸಿಕ್ಕಿದ್ದು 1924ರ ಕಾಯ್ದೆಯಿಂದ. ವಾಂಗ್ ವಿರುದ್ಧ ಮತ ಹಾಕಿದ ಇಬ್ಬರಲ್ಲಿ ಒಬ್ಬರು ಜಾನ್ ಮಾರ್ಷಲ್ ಹಾರ್ಲನ್. ಎರಡು ವರ್ಷ ಹಿಂದೆ ಕರಿಯರನ್ನು ಪ್ರತ್ಯೇಕ ಬೋಗಿಯಲ್ಲಿ ಕೂರಿಸುವುದನ್ನು ಒಬ್ಬಂಟಿಯಾಗಿ ವಿರೋಧಿಸಿ ಹೆಸರಾದವರು. ಚೀನೀಯರ ವಿಷಯ ಬಂದಾಗ ಆ ಉದಾರತೆ ಎಲ್ಲಿ ಹೋಯಿತೋ.

ಗೆದ್ದ ಮೇಲೂ ವಾಂಗ್‌ಗೆ ನೆಮ್ಮದಿ ಸಿಗಲಿಲ್ಲ. 1901ರಲ್ಲಿ ಟೆಕ್ಸಸ್‌ನ ಎಲ್ ಪಾಸೊದಲ್ಲಿ ಮತ್ತೆ ಹಿಡಿದರು. ಸುಪ್ರೀಂ ಕೋರ್ಟ್ ತೀರ್ಪಿಗೆ ತನ್ನದೇ ಹೆಸರಿರುವ ಮನುಷ್ಯ ತಾನು ಪ್ರಜೆ ಎಂದು ಮತ್ತೊಮ್ಮೆ ಸಾಬೀತು ಮಾಡಬೇಕಾಯಿತು.

ಆ ತೀರ್ಪಿನಲ್ಲಿ ಒಂದು ಪದ ಪದೇ ಪದೇ ಬರುತ್ತದೆ. ವಾಂಗ್‌ನ ತಂದೆ–ತಾಯಿ ಅಮೆರಿಕದಲ್ಲಿ ‘ಡೊಮಿಸೈಲ್’ ಹೊಂದಿದ್ದರು, ಅಂದರೆ ಅಲ್ಲೇ ಮನೆ ಮಾಡಿ ನೆಲೆಸಿದ್ದರು ಎಂಬ ವಿವರಣೆ. ಅದು ಪ್ರಕರಣದ ಸಂಗತಿಗಳ ವಿವರಣೆಯೇ, ಅಥವಾ ಪೌರತ್ವಕ್ಕೆ ಹಾಕಿದ ಷರತ್ತೇ? ನೂರಾ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಿವರಣೆ ಎಂದೇ ಸರ್ಕಾರಗಳು ನಡೆದುಕೊಂಡವು. ಜನನ ಪ್ರಮಾಣಪತ್ರ ನೋಡಿ ಪಾಸ್‌ಪೋರ್ಟ್ ಕೊಟ್ಟವು, ಅಪ್ಪ–ಅಮ್ಮನ ವೀಸಾ ಕೇಳಲಿಲ್ಲ. ಈಗಿನ ಸರ್ಕಾರ ಅದನ್ನು ಷರತ್ತು ಎನ್ನುತ್ತಿದೆ. 1873ರ ಸ್ಲಾಟರ್‌ಹೌಸ್ ತೀರ್ಪಿನಲ್ಲಿ ಕೋರ್ಟ್ ಹಾದಿಯಲ್ಲಿ ಆಡಿದ ಒಂದು ಮಾತೂ, ವಿದೇಶಿ ಪ್ರಜೆಗಳ ಮಕ್ಕಳು ಹೊರಗೆ ಎಂಬುದು, ಅದರ ಜೊತೆಗಿದೆ. ವಾಂಗ್ ಪ್ರಕರಣದಲ್ಲೇ ಗ್ರೇ ಆ ಮಾತನ್ನು ಪಕ್ಕಕ್ಕಿಟ್ಟಿದ್ದರು.

ನಡುವೆ ಒಂದು ದೊಡ್ಡ ಮೌನ. ನಂತರ 1985ರಲ್ಲಿ ಯೇಲ್ ವಿಶ್ವವಿದ್ಯಾಲಯದ ಇಬ್ಬರು, ಕಾನೂನು ಪ್ರಾಧ್ಯಾಪಕ ಪೀಟರ್ ಶುಕ್ ಮತ್ತು ರಾಜ್ಯಶಾಸ್ತ್ರದ ರೋಜರ್ಸ್ ಸ್ಮಿತ್, ‘ಸಿಟಿಜನ್‌ಶಿಪ್ ವಿದೌಟ್ ಕನ್ಸೆಂಟ್’ ಎಂಬ ಪುಸ್ತಕ ತಂದರು. ಹುಟ್ಟಿನಿಂದ ನಿಷ್ಠೆ ಎಂಬುದು ರಾಜನ ಕಾಲದ ಕಲ್ಪನೆ, ಪ್ರಜಾಪ್ರಭುತ್ವದಲ್ಲಿ ಪೌರತ್ವ ಎರಡೂ ಕಡೆಯ ಸಮ್ಮತಿಯಿಂದ ಬರಬೇಕು, ರಾಷ್ಟ್ರ ಒಪ್ಪದೆ ಬಂದವರ ಮಕ್ಕಳಿಗೆ ಅದು ತಾನಾಗಿ ಸಿಗಬೇಕಿಲ್ಲ ಎಂಬುದು ವಾದ. ಇಬ್ಬರೂ ವಲಸಿಗರನ್ನು ದ್ವೇಷಿಸುವವರಲ್ಲ. ಅವರು ಹೇಳಿದ್ದು ಸಂಸತ್ತು, ಅಂದರೆ ಅಮೆರಿಕದ ಕಾಂಗ್ರೆಸ್, ಈ ಬಗ್ಗೆ ನಿರ್ಧರಿಸಬಹುದು ಎಂದು. ಅಧ್ಯಕ್ಷನೊಬ್ಬ ಸಹಿ ಹಾಕಿ ಮುಗಿಸಬಹುದು ಎಂದಲ್ಲ. ಆದರೆ ಪುಸ್ತಕ ಒಮ್ಮೆ ಹೊರಬಂದ ಮೇಲೆ ಲೇಖಕನ ಮಾತು ಕೇಳುತ್ತದೆಯೇ? ಹುಚ್ಚರ ವಾದ ಎನಿಸಿಕೊಂಡಿದ್ದದ್ದು ಅಂದಿನಿಂದ ‘ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ’ ಎಂದು ಹೇಳಬಹುದಾದ ವಾದವಾಯಿತು. ಆಗಾಗ ಮಸೂದೆಗಳು ಬಂದವು, ಬಿದ್ದವು. 2025ರಲ್ಲಿ ಆದೇಶವೇ ಬಂತು.

ಆದೇಶ ಬಂದ ತಿಂಗಳೊಳಗೆ ಇನ್ನೊಂದು ವಿಚಿತ್ರ ನಡೆಯಿತು. ರ‍್ಯಾಂಡಿ ಬಾರ್ನೆಟ್ ಮತ್ತು ಇಲಾನ್ ವುರ್ಮನ್ ಎಂಬ ಇಬ್ಬರು ಕಾನೂನು ಪ್ರಾಧ್ಯಾಪಕರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಟ್ರಂಪ್ ವಾದದಲ್ಲಿ ಹುರುಳಿರಬಹುದು ಎಂದು ಬರೆದರು. ಇವರು ‘ಒರಿಜಿನಲಿಸ್ಟ್’ ಪಂಥದವರು. ಸಂವಿಧಾನದ ಪದಗಳಿಗೆ ಬರೆದ ಕಾಲದಲ್ಲಿ ಜನ ಏನು ಅರ್ಥ ಕೊಡುತ್ತಿದ್ದರೋ ಅದೇ ಅರ್ಥ ಎನ್ನುವ ಪಂಥ ಅದು. ಇಂದಿನ ಸುಪ್ರೀಂ ಕೋರ್ಟಿನ ಬಹುಮತ ಅದರ ಕಡೆಗಿದೆ. ಆಶ್ಚರ್ಯ ಎಂದರೆ ಅವರಿಗೆ ತೀಕ್ಷ್ಣ ಉತ್ತರಗಳು ಬಂದದ್ದು ಅದೇ ಪಂಥದೊಳಗಿನಿಂದಲೂ. ಮೈಕಲ್ ರ‍್ಯಾಮ್ಸೆ ಎಂಬ ಪ್ರಾಧ್ಯಾಪಕರು 2020ರಲ್ಲೇ ಇದೇ ವಿಧಾನ ಬಳಸಿ, ಅಕ್ರಮವಾಗಿರಲಿ ತಾತ್ಕಾಲಿಕವಾಗಿರಲಿ, ಅಲ್ಲಿ ಹುಟ್ಟಿದ ಮಕ್ಕಳು ಪ್ರಜೆಗಳೇ ಎಂದು ತೋರಿಸಿದ್ದರು.

ಸರ್ಕಾರಿ ಪಕ್ಷದ ಬಲವಾದ ಮಾತು ಒಂದಿದೆ, ಅದನ್ನು ಒಪ್ಪಬೇಕು. 1868ರಲ್ಲಿ ‘ಅಕ್ರಮ ವಲಸೆ’ ಎಂಬುದೇ ಇರಲಿಲ್ಲ, ವೀಸಾ ಇರಲಿಲ್ಲ, ಹಾಗಾಗಿ ಆ ಜನ ಈ ಪ್ರಶ್ನೆಯನ್ನು ಯೋಚಿಸಿಯೇ ಇರಲಿಲ್ಲ ಎಂಬುದು. ಕೇಳಲು ಸರಿ ಎನಿಸುತ್ತದೆ. ಗೇಬ್ರಿಯಲ್ ಚಿನ್ ಮತ್ತು ಪಾಲ್ ಫಿಂಕಲ್‌ಮನ್ ಎಂಬ ಇಬ್ಬರು ವಿದ್ವಾಂಸರು 2021ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ಈ ಇಡೀ ಚರ್ಚೆಯ ಅತ್ಯುತ್ತಮ ಬರಹ. ಅವರ ಪ್ರಕಾರ ಅಕ್ರಮವಾಗಿ ಬಂದವರು ಆಗ ಇದ್ದರು. ಯಾರು? ಗುಲಾಮರು. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ಕಾನೂನುಬಾಹಿರ. ಆದರೂ ಕದ್ದು ತರುತ್ತಲೇ ಇದ್ದರು. 1860ರ ಜುಲೈನಲ್ಲಿ, ಅಂತರ್ಯುದ್ಧಕ್ಕೆ ಒಂದು ವರ್ಷವೂ ಇಲ್ಲದಾಗ, ಕ್ಲೊಟಿಲ್ಡ ಎಂಬ ಹಡಗು ಆಫ್ರಿಕಾದಿಂದ ಸುಮಾರು 110 ಮಂದಿಯನ್ನು ಅಲಬಾಮಾದ ಮೊಬೈಲ್ ಕೊಲ್ಲಿಗೆ ರಾತ್ರೋರಾತ್ರಿ ತಂದಿಳಿಸಿತು. ಸಾಕ್ಷ್ಯ ಅಳಿಸಲು ಹಡಗನ್ನೇ ಸುಟ್ಟರು. ಬಂದವರ ತಪ್ಪೇನೂ ಇಲ್ಲ, ಆದರೆ ಕಾನೂನಿನ ಕಣ್ಣಲ್ಲಿ ಆ ದೇಶಕ್ಕೆ ಅವರ ಪ್ರವೇಶ ಅಕ್ರಮ, ರಾಷ್ಟ್ರದ ಸಮ್ಮತಿ ಇಲ್ಲದ್ದು. ಹಾಗೆ ಬಂದವರ ಮಕ್ಕಳನ್ನು 14ನೇ ತಿದ್ದುಪಡಿ ಹೊರಗಿಟ್ಟಿತೇ? ಇಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರನ್ನೆಲ್ಲ ಒಳಗೆ ತರುವುದೇ ಅದರ ಮೊದಲ ಉದ್ದೇಶ. ನಿಮ್ಮ ಅಜ್ಜ ಯಾವ ವರ್ಷ, ಯಾವ ಹಡಗಿನಲ್ಲಿ, 1808ಕ್ಕೆ ಮುಂಚೆಯೋ ಆಮೇಲೋ ಎಂದು ಯಾರೂ ಕೇಳಲಿಲ್ಲ. ಪೋಷಕರ ಕಾಗದಪತ್ರ ಕೇಳುವ ಪೌರತ್ವ ಆ ತಿದ್ದುಪಡಿಯ ಪೌರತ್ವವಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ನನಗೆ ತೋಚುವುದಿಲ್ಲ.

ಹಾಗಾದರೆ ಇಷ್ಟೆಲ್ಲ ಪಾಂಡಿತ್ಯ ತೀರ್ಪನ್ನು ನಿರ್ಧರಿಸುತ್ತದೆಯೇ? ಭಾರತೀಯರಿಗೆ ಈ ಬಗ್ಗೆ ಒಂದು ಕಹಿ ಅನುಭವ ಇದೆ. ಆ ಕಾಲದ ಕಾನೂನಿನಲ್ಲಿ ವಲಸೆ ಬಂದವರ ಪೈಕಿ ಬಿಳಿಯರು ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರತ್ವ ಪಡೆಯಬಹುದಿತ್ತು. 1922ರ ನವೆಂಬರ್‌ನಲ್ಲಿ ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಬಿಳಿಯ ಎಂದರೆ ಚರ್ಮದ ಬಣ್ಣವಲ್ಲ, ಕಾಕೇಶಿಯನ್ ಜನಾಂಗ ಎಂಬ ಕಾರಣ ಕೊಟ್ಟಿತು. ಮೂರು ತಿಂಗಳ ನಂತರ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪ್ರಕರಣ ಬಂತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಜನಾಂಗಶಾಸ್ತ್ರದ ವಿದ್ವಾಂಸರು ಉತ್ತರ ಭಾರತೀಯರನ್ನು ಕಾಕೇಶಿಯನ್ ಗುಂಪಿಗೇ ಸೇರಿಸುತ್ತಾರೆ ಎಂದು ಅವರು ಗ್ರಂಥಗಳನ್ನು ಮುಂದಿಟ್ಟರು. ಆ ಜನಾಂಗಶಾಸ್ತ್ರವೂ ಒಪ್ಪತಕ್ಕದ್ದಲ್ಲ, ಅದು ಬೇರೆ ಮಾತು. ಆದರೆ ಕೋರ್ಟ್ ತನ್ನದೇ ಅಳತೆಗೋಲಿಗೆ ನಿಲ್ಲಲಿಲ್ಲ. ವಿದ್ವಾಂಸರ ವರ್ಗೀಕರಣ ಬೇಡ, ಸಾಮಾನ್ಯ ಮನುಷ್ಯ ಬಿಳಿಯ ಎಂದು ಯಾರನ್ನು ತಿಳಿಯುತ್ತಾನೋ ಅವನೇ ಬಿಳಿಯ ಎಂದಿತು. ಎರಡೂ ತೀರ್ಪು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್. ಮೊದಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ವೈಷ್ಣೋ ದಾಸ್ ಬಗಾಯ್ ಎಂಬ ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ಅದರ ನೋವಿನಲ್ಲಿ 1928ರಲ್ಲಿ ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಮತ್ತೆ ಬಾಗಿಲು ತೆರೆದದ್ದು 1946ರಲ್ಲಿ.

ಆ ಕಾಲದಲ್ಲೂ ಕೈ ಬಿಡದೆ ಉಳಿದದ್ದು ವಾಂಗ್ ತೀರ್ಪು. ಪೌರತ್ವಕ್ಕೆ ಅನರ್ಹರಾದವರು ಜಮೀನು ಹೊಂದುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ ಕಾನೂನು ಮಾಡಿತ್ತು. ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿ ರೈತರಲ್ಲಿ ಕೆಲವರು ಅಲ್ಲೇ ಹುಟ್ಟಿದ ತಮ್ಮ ಮಕ್ಕಳ ಹೆಸರಿಗೆ ಜಮೀನು ಮಾಡಿಸಿದರು. ಅಪ್ಪ ಎಂದೂ ಪ್ರಜೆಯಾಗಲಾರ, ಮಗು ಹುಟ್ಟಿನಿಂದ ಪ್ರಜೆ.

ಕಳೆದ ಜೂನ್ 27ರ ತೀರ್ಪಿನಲ್ಲೂ ಪಾಂಡಿತ್ಯದ ಕೈವಾಡ ಇತ್ತು. ಅಂದು ಸುಪ್ರೀಂ ಕೋರ್ಟ್ ಪೌರತ್ವದ ಪ್ರಶ್ನೆಯನ್ನು ಮುಟ್ಟಲಿಲ್ಲ. ಒಬ್ಬ ಕೆಳ ನ್ಯಾಯಾಧೀಶ ಇಡೀ ದೇಶಕ್ಕೆ ಅನ್ವಯಿಸುವ ತಡೆ ಕೊಡಬಹುದೇ ಎಂಬುದನ್ನಷ್ಟೇ ನೋಡಿ, 6–3ರಲ್ಲಿ ಬಹುಶಃ ಕೊಡುವಂತಿಲ್ಲ ಎಂದಿತು. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಅವರ ಆಧಾರ 1789ರ ಕಾಯ್ದೆ ಮತ್ತು ಅಂದಿನ ಇಂಗ್ಲೆಂಡಿನ ಚಾನ್ಸರಿ ಕೋರ್ಟಿನ ಪದ್ಧತಿ. ಅದಕ್ಕೆ ದಾರಿ ಹಾಕಿದ್ದು ಸ್ಯಾಮುಯೆಲ್ ಬ್ರೇ ಎಂಬ ಪ್ರಾಧ್ಯಾಪಕರ 2017ರ ಲೇಖನ. ಇದಕ್ಕೆ ವಿರುದ್ಧವಾದ ಇತಿಹಾಸವನ್ನು ಮಿಲಾ ಸೊಹೋನಿ 2020ರಲ್ಲಿ ಬರೆದಿದ್ದರು. ಆ ವಾದ ಗೆಲ್ಲಲಿಲ್ಲ. ವಕೀಲರು ತಡಮಾಡದೆ ಬೇರೆ ದಾರಿ ಹುಡುಕಿದರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆದೇಶಕ್ಕೆ ಸಿಲುಕುವ ಎಲ್ಲ ಶಿಶುಗಳ ಪರವಾಗಿ ಸಾಮೂಹಿಕ ದಾವೆ ಹೂಡಿದರು. ಜುಲೈ 10ರಂದು ನ್ಯಾಯಾಧೀಶ ಜೋಸೆಫ್ ಲಾಪ್ಲಾಂಟ್ ತಡೆ ಕೊಟ್ಟರು. ಈಗ ವಾಷಿಂಗ್ಟನ್‌ಗೆ ಹೋಗಿರುವುದು ಅದೇ ದಾವೆ.

ನಮ್ಮವರ ಮಟ್ಟಿಗೆ ಒಂದು ವಿಶೇಷ ಅಂಶ ಇದೆ, ಪತ್ರಿಕೆಗಳಲ್ಲಿ ಅದರ ಚರ್ಚೆ ಕಡಿಮೆ. ಸರ್ಕಾರದ ‘ಡೊಮಿಸೈಲ್’ ವಾದವನ್ನೇ ಒಪ್ಪಿಕೊಂಡರೂ ಎಚ್‌–1ಬಿಯವರು ಅದರಲ್ಲಿ ಬೀಳುತ್ತಾರೆಯೇ? ಪ್ರವಾಸಿ ವೀಸಾದವನು ವಾಪಸ್ ಹೋಗುವ ಉದ್ದೇಶ ತೋರಿಸಲೇಬೇಕು. ಎಚ್‌–1ಬಿಯವನು ತೋರಿಸಬೇಕಿಲ್ಲ. ಅಲ್ಲೇ ನೆಲೆಸುವ ಉದ್ದೇಶ ಇಟ್ಟುಕೊಂಡೇ ಆ ವೀಸಾದಲ್ಲಿರಲು ಕಾನೂನೇ 1990ರಿಂದ ಅವಕಾಶ ಕೊಟ್ಟಿದೆ. ಆರು ವರ್ಷದ ಮಿತಿ ಇದ್ದರೂ ಗ್ರೀನ್ ಕಾರ್ಡ್ ಸರದಿಯಲ್ಲಿದ್ದರೆ ವಿಸ್ತರಣೆ ಸಿಗುತ್ತಲೇ ಇರುತ್ತದೆ. ಯಾವ ದೇಶಕ್ಕೂ ವರ್ಷಕ್ಕೆ ಶೇ 7ಕ್ಕಿಂತ ಹೆಚ್ಚು ಇಲ್ಲ ಎಂಬ ಮಿತಿಯಿಂದಾಗಿ ಭಾರತೀಯರ ಸರದಿ ದಶಕಗಳುದ್ದ. ಮನೆ ಕೊಂಡು, ಸಾಲ ಕಟ್ಟುತ್ತಾ, ಮಗಳನ್ನು ಶಾಲೆಗೆ ಕಳಿಸುತ್ತಾ ಒಂಬತ್ತು ವರ್ಷ ಇದ್ದವರನ್ನು ತಾತ್ಕಾಲಿಕ ಎನ್ನಲು ವೀಸಾದ ಹೆಸರು ಬಿಟ್ಟರೆ ಬೇರೇನಿದೆ? ಅವರನ್ನು ಶಾಶ್ವತರಾಗದಂತೆ ತಡೆದಿರುವುದೇ ಆ ದೇಶದ ಕಾನೂನು. ಸ್ವಂತ ಸರದಿಯನ್ನೇ ಕಾರಣ ಮಾಡಿ ಮಗುವನ್ನು ಹೊರಗಿಡುವುದು ನ್ಯಾಯವಲ್ಲ ಎಂಬುದು ಅಣ್ಣನಾಗಿ ಮಾತ್ರ ನಾನು ಹೇಳುವ ಮಾತಲ್ಲ.

14ನೇ ತಿದ್ದುಪಡಿಯ ಅದೇ ಪರಿಚ್ಛೇದದಲ್ಲಿ, ಪೌರತ್ವದ ವಾಕ್ಯದ ನಂತರ, ‘ಡ್ಯೂ ಪ್ರೋಸೆಸ್’ ಎಂಬ ಮಾತು ಬರುತ್ತದೆ. ಅದರ ನಂಟು ಮಂಗಳೂರಿನಲ್ಲಿ ಹುಟ್ಟಿದವರೊಬ್ಬರಿಗೆ ಇದೆ. ನಮ್ಮ ಸಂವಿಧಾನ ಸಭೆಯ ಸಲಹೆಗಾರ ಬೆನಗಲ್ ನರಸಿಂಗ ರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾಗಿದ್ದರು. ಆ ಮಾತು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂಬ ಎಚ್ಚರಿಕೆಯನ್ನು ಅವರಿಂದ ಕೇಳಿ ಬಂದರು. ಕೊನೆಗೆ ನಮ್ಮ 21ನೇ ವಿಧಿಯಲ್ಲಿ ‘ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ’ ಎಂಬ ಬೇರೆ ಪದ ಬಂತು. 1978ರಲ್ಲಿ ಮನೇಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಿಟ್ಟ ಪದದ ಅರ್ಥವನ್ನೇ ಬರೆದ ಪದದೊಳಗೆ ಓದಿಕೊಂಡಿತು.

ಪೌರತ್ವದಲ್ಲಿ ನಮ್ಮ ದಾರಿ ಇನ್ನೂ ಬೇರೆ. ಸಂವಿಧಾನದ 11ನೇ ವಿಧಿ ಅದನ್ನು ಸಂಸತ್ತಿಗೆ ಬಿಟ್ಟಿದೆ. 1955ರ ಕಾಯ್ದೆಯಲ್ಲಿ ಭಾರತದಲ್ಲಿ ಹುಟ್ಟಿದರೆ ಸಾಕಿತ್ತು. 1987ರ ಜುಲೈ 1ರಿಂದ ತಂದೆ ಅಥವಾ ತಾಯಿ ಪ್ರಜೆಯಾಗಿರಬೇಕು ಎಂದಾಯಿತು. 2004ರ ಡಿಸೆಂಬರ್ 3ರಿಂದ ಒಬ್ಬರು ಪ್ರಜೆ, ಇನ್ನೊಬ್ಬರು ಅಕ್ರಮ ವಲಸಿಗರಲ್ಲ ಎಂಬ ಷರತ್ತೂ ಸೇರಿತು. ಎರಡೂ ಸಾಮಾನ್ಯ ಬಹುಮತದ ತಿದ್ದುಪಡಿಗಳು. ಅಮೆರಿಕ ಮಾಡುತ್ತಿರುವುದು ಘೋರ ಎಂದು ಇಲ್ಲಿ ಕೂತು ಬೈಯುವವರು ಇದನ್ನೂ ನೆನಪಿಡಬೇಕು. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಅದು ಸಂಸತ್ತಿನ ಕೈಯಲ್ಲಿದ್ದ ವಿಷಯ, ಅಲ್ಲಿ ಯಾರ ಕೈಗೂ ಸಿಗಬಾರದೆಂದೇ ಸಂವಿಧಾನದಲ್ಲಿ ಬರೆದಿಟ್ಟ ವಿಷಯ.

ಹೀಗಾಗಿ ಜೂನ್‌ನಲ್ಲಿ ಗೆದ್ದವರು ಯಾರು ಎಂಬ ಶೀರ್ಷಿಕೆಯ ಜೊತೆಗೆ ಯಾವ ಕಾರಣಕ್ಕೆ ಎಂಬುದನ್ನೂ ನೋಡಿ. ಕೋರ್ಟಿನ ಮುಂದೆ ಎರಡು ಬಾಗಿಲಿವೆ. ಒಂದು ಸಂವಿಧಾನದ್ದು. ಇನ್ನೊಂದು ಸಣ್ಣ ಬಾಗಿಲು: 14ನೇ ತಿದ್ದುಪಡಿಯ ಅದೇ ಪದಗಳನ್ನು ಕಾಂಗ್ರೆಸ್ 1940ರಲ್ಲಿ, ಮತ್ತೆ 1952ರಲ್ಲಿ ಕಾಯ್ದೆಯಾಗಿಯೂ ಬರೆದಿದೆ. ವಾಂಗ್ ತೀರ್ಪಿನ ಅರ್ಥ ಆಗ ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಅಧ್ಯಕ್ಷರ ಆದೇಶ ಈ ಕಾಯ್ದೆಗೇ ವಿರುದ್ಧ ಎಂದಷ್ಟೇ ಹೇಳಿ ಕೋರ್ಟ್ ಫೈಲು ಮುಚ್ಚಬಹುದು. ಹಾಗಾದರೆ ಮೇ ತಿಂಗಳ ಮಗುವಿಗೆ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ ಕಾಯ್ದೆಯನ್ನು ಕಾಂಗ್ರೆಸ್ ಬದಲಿಸಬಹುದು, ಶುಕ್ ಮತ್ತು ಸ್ಮಿತ್ 1985ರಲ್ಲಿ ಹೇಳಿದ್ದೂ ಅದನ್ನೇ. ಸಂವಿಧಾನದ ಬಾಗಿಲಿನಿಂದ ಗೆದ್ದರೆ ಮಾತ್ರ 1898ರ ಚಿಲಕ ಮತ್ತೆ ಬೀಳುತ್ತದೆ. ಆದೇಶವೇ ಗೆದ್ದರೆ ಅಲ್ಲಿರುವ ನಿಮ್ಮವರಿಗೆ ತಕ್ಷಣದ ಕೆಲಸ ಒಂದಿದೆ. ಮಗು ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಣಿ ಮಾಡಿಸಿದರೆ ಪೋಷಕರ ಮೂಲಕ ಭಾರತದ ಪೌರತ್ವ ಸಿಗುತ್ತದೆ. ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಘೋಷಿಸಬೇಕು. ಆ ಒಂದು ವರ್ಷ ದಾಟಿದರೆ ದೆಹಲಿಯ ಅನುಮತಿ ಬೇಕಾಗುತ್ತದೆ.